ಗೇಟಿನಲ್ಲಿ ನಿಂತವರ ಮುಖ ಕಾಣಬೇಕಾದರೆ: ಮನೆಗೆ ಸಿ.ಸಿ. ಕ್ಯಾಮೆರಾ ಆರಿಸುವ ಬಗೆ

ಮೈಸೂರಿನ ಬೋಗಾದಿ, ದಟ್ಟಗಳ್ಳಿ, ವಿಜಯನಗರದಂತಹ ಬಡಾವಣೆಗಳಲ್ಲಿ ಗೃಹಪ್ರವೇಶಕ್ಕೆ ಮೊದಲೇ ಸಿ.ಸಿ. ಕ್ಯಾಮೆರಾ ಹಾಕಿಸುವುದು ಈಗ ರೂಢಿಯಾಗಿದೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ವಯಸ್ಸಾದ ತಂದೆ ತಾಯಿ ಇಬ್ಬರೇ ಉಳಿದಿರುವ ಮನೆಗಳಲ್ಲಂತೂ ಅದು ಅಗತ್ಯವೂ ಹೌದು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು ನಾಲ್ಕು ಕ್ಯಾಮೆರಾ, ಒಂದು ರೆಕಾರ್ಡರ್ ಮತ್ತು ಒಂದು ಹಾರ್ಡ್ ಡಿಸ್ಕ್ ಇರುವ ಸೆಟ್. ನಾಲ್ಕೂ ಕ್ಯಾಮೆರಾಗಳ ಲೆನ್ಸ್ ಬಹುಮಟ್ಟಿಗೆ ಒಂದೇ ಅಳತೆಯದಾಗಿರುತ್ತದೆ. ಅವನ್ನು ಮನೆಯ ನಾಲ್ಕು ಮೂಲೆಗೆ ಹಾಕಿಸಿಕೊಂಡರೆ ಯಾರೋ ಬಂದರು, ಗೇಟು ಹಾರಿದರು, ಹೋದರು ಎಂಬುದು ತಿಳಿಯುತ್ತದೆ. ಬಂದವರು ಯಾರು ಎಂಬುದು ಮಾತ್ರ ತಿಳಿಯುವುದಿಲ್ಲ. ಈ ಕೊರತೆಯನ್ನು ಕೊಳ್ಳುವ ಮೊದಲೇ ತಪ್ಪಿಸಬಹುದು.

ಮೊದಲು ಪ್ರಶ್ನೆ, ಆಮೇಲೆ ಕ್ಯಾಮೆರಾ

ಕಾಗದದ ಮೇಲೆ ಮನೆಯ ನಕ್ಷೆಯನ್ನು ಕೈಯಲ್ಲೇ ಬರೆದುಕೊಳ್ಳಿ. ಗೇಟು, ಮುಂಬಾಗಿಲು, ಹಿತ್ತಿಲ ಬಾಗಿಲು, ಮಹಡಿಯ ಹೊರಮೆಟ್ಟಿಲು, ವಾಹನ ನಿಲ್ಲುವ ಜಾಗ ಇವಿಷ್ಟನ್ನು ಗುರುತಿಸಿ, ಪ್ರತಿಯೊಂದು ಜಾಗದ ಪಕ್ಕದಲ್ಲಿ ಅಲ್ಲಿನ ಕ್ಯಾಮೆರಾ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂದು ಬರೆಯಿರಿ. 2024ರ ಡಿಸೆಂಬರ್ ಕೊನೆಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಚಿರತೆಯೊಂದು ಕ್ಯಾಮೆರಾ ಕಣ್ಣಿಗೆ ಬಿದ್ದದ್ದು ಅನೇಕರಿಗೆ ನೆನಪಿರಬಹುದು. ಬಂದದ್ದು ನಾಯಿಯಲ್ಲ, ಚಿರತೆ ಎಂದು ತಿಳಿಯಲು ಸಾಧಾರಣ ಚಿತ್ರ ಸಾಕು. ಅಪರಿಚಿತನೊಬ್ಬನ ಮುಖವನ್ನು ಪೊಲೀಸರು ಗುರುತಿಸುವಂತಾಗಲು ಅದು ಸಾಲದು.

ಈ ವ್ಯತ್ಯಾಸಕ್ಕೆ ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯಲ್ಲಿ ಅಳತೆಯೇ ಇದೆ. ದೃಶ್ಯದ ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ (ಚಿತ್ರವನ್ನು ರೂಪಿಸುವ ಚುಕ್ಕಿ) ಸಿಕ್ಕರೆ ಯಾರೋ ಇದ್ದಾರೆ ಎಂದು ತಿಳಿಯುತ್ತದೆ; 125 ಸಿಕ್ಕರೆ ಪರಿಚಿತರನ್ನು ಗುರುತು ಹಿಡಿಯಬಹುದು; ಪರಿಚಯವಿಲ್ಲದವರನ್ನು ನಿಸ್ಸಂಶಯವಾಗಿ ಗುರುತಿಸಬೇಕಾದರೆ 250 ಪಿಕ್ಸೆಲ್ ಬೇಕು. ಗೇಟಿಗೂ ಮುಂಬಾಗಿಲಿಗೂ ಈ 250ರ ಲೆಕ್ಕವನ್ನು ಹಿಡಿಯಿರಿ. ಹಿತ್ತಿಲು, ಪಕ್ಕದ ಓಣಿ, ಮಹಡಿಗಳಿಗೆ ಅಷ್ಟು ಬೇಕಿಲ್ಲ.

ಮೆಗಾಪಿಕ್ಸೆಲ್‌ಗಿಂತ ಲೆನ್ಸ್ ಮುಖ್ಯ

ಜಾಹೀರಾತುಗಳು ಎತ್ತಿ ಹೇಳುವುದು ಮೆಗಾಪಿಕ್ಸೆಲ್ ಸಂಖ್ಯೆಯನ್ನು. ಆದರೆ ಮೇಲಿನ ಅಳತೆಯನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ ಸುಮಾರು 7.7 ಮೀಟರ್. ಅಂದರೆ ದೃಶ್ಯದ ಅಗಲ ಅಷ್ಟನ್ನು ಮೀರದಿರುವವರೆಗೆ ಮಾತ್ರ ಮುಖ ಗುರುತಿಗೆ ಸಿಗುತ್ತದೆ. ಸೆಟ್‌ಗಳಲ್ಲಿ ಹೆಚ್ಚಾಗಿ ಬರುವ 2.8 ಮಿ.ಮೀ. ಲೆನ್ಸ್ ಸುಮಾರು 100 ಡಿಗ್ರಿಯಷ್ಟು ಅಗಲವಾಗಿ ನೋಡುವುದರಿಂದ, ಕ್ಯಾಮೆರಾದಿಂದ ಹತ್ತು ಅಡಿ ದಾಟುವಷ್ಟರಲ್ಲಿ ಆ ಮಿತಿ ಮುಗಿದುಹೋಗುತ್ತದೆ. ಅದೇ ಲೆನ್ಸ್‌ನ 4 ಮೆಗಾಪಿಕ್ಸೆಲ್ ಕ್ಯಾಮೆರಾ ತಂದರೆ ಹದಿನಾಲ್ಕು ಅಡಿ, 8 ಮೆಗಾಪಿಕ್ಸೆಲ್ ತಂದರೆ ಇಪ್ಪತ್ತೊಂದು ಅಡಿ. ಅದರ ಬದಲು 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನೇ ಸುಮಾರು 50 ಡಿಗ್ರಿ ನೋಡುವ 6 ಮಿ.ಮೀ. ಲೆನ್ಸ್‌ನೊಂದಿಗೆ ಕೊಂಡರೆ ಸುಮಾರು ಇಪ್ಪತ್ತೇಳು ಅಡಿ ದೂರದ ಮುಖವೂ ಅದೇ ಅಳತೆಗೆ ಸಿಗುತ್ತದೆ. ನೋಟದ ಅಗಲ ಕಡಿಮೆಯಾಗುತ್ತದೆ, ನಿಜ. ಆದರೆ ಗೇಟಿನ ಕ್ಯಾಮೆರಾ ಗೇಟನ್ನು ನೋಡಿದರೆ ಸಾಕು, ಇಡೀ ಬೀದಿಯನ್ನು ನೋಡಬೇಕಾಗಿಲ್ಲ.

ಆದ್ದರಿಂದ ಟೇಪು ಹಿಡಿದು, ಕ್ಯಾಮೆರಾ ಕೂರುವ ಜಾಗದಿಂದ ಮನುಷ್ಯರು ನಿಲ್ಲುವ ಜಾಗಕ್ಕಿರುವ ದೂರವನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ. 30×40 ನಿವೇಶನದ ಮನೆಗಳಲ್ಲಿ ಗೇಟು ಹತ್ತಿರವೇ ಇರುವುದರಿಂದ 2.8 ಅಥವಾ 4 ಮಿ.ಮೀ. ಸಾಕಾಗಬಹುದು. ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆಯ ಹಳೆಯ, ಅಂಗಳ ದೊಡ್ಡದಿರುವ ಮನೆಗಳಿಗೆ 6 ಮಿ.ಮೀ. ಬೇಕಾಗುತ್ತದೆ. ದೂರ ಖಚಿತವಿಲ್ಲದಿದ್ದರೆ, ಲೆನ್ಸನ್ನು ಹೊಂದಿಸಿಕೊಳ್ಳಬಹುದಾದ ವೇರಿಫೋಕಲ್ ಕ್ಯಾಮೆರಾವನ್ನು ಗೇಟಿಗೊಂದಕ್ಕೆ ಮಾತ್ರ ಕೊಳ್ಳಿ. ಹಣ ಮಿತವಾಗಿದ್ದರೆ ಆರು ಸಾಧಾರಣ ಕ್ಯಾಮೆರಾಗಳಿಗಿಂತ ಮೂರು ಸರಿಯಾದವು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಎತ್ತರದ ವಿಷಯದಲ್ಲೂ ಎಚ್ಚರವಿರಲಿ. ಕೈಗೆ ಸಿಗಬಾರದೆಂದು ಮೊದಲ ಮಹಡಿಯ ಸಜ್ಜಾದ ಕೆಳಗೆ ಹಾಕಿದ ಕ್ಯಾಮೆರಾಕ್ಕೆ ಕಾಣುವುದು ನೆತ್ತಿ, ಟೋಪಿ ಮತ್ತು ಹೆಲ್ಮೆಟ್. ಮುಖ ಕಾಣಬೇಕಾದ ಕ್ಯಾಮೆರಾ ಎಂಟು ಒಂಬತ್ತು ಅಡಿಗಿಂತ ಮೇಲೆ ಹೋಗಬಾರದು.

ಬೆಳಕು, ಕತ್ತಲು, ಮಳೆ

ನಮ್ಮಲ್ಲಿ ಪೂರ್ವಕ್ಕೆ ಬಾಗಿಲಿರುವ ಮನೆಗಳು ಹೆಚ್ಚು. ಬಾಗಿಲ ಮೇಲಿನ ಕ್ಯಾಮೆರಾ ಬೆಳಗಿನ ಬಿಸಿಲನ್ನೇ ದಿಟ್ಟಿಸುವುದರಿಂದ ಪೋರ್ಟಿಕೋದ ನೆರಳಲ್ಲಿ ನಿಂತವರು ಕಪ್ಪು ಆಕೃತಿಗಳಾಗಿ ಕಾಣುತ್ತಾರೆ. ಇದಕ್ಕೆ ಬಿಸಿಲು ನೆರಳು ಎರಡನ್ನೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ತೋರಿಸುವ ಡಬ್ಲ್ಯುಡಿಆರ್ ಸೌಲಭ್ಯ ಬೇಕು. ವಿವರಪತ್ರದಲ್ಲಿ 120 ಡಿಬಿ ಎಂದಿದೆಯೇ ನೋಡಿ. ‘ಡಿಜಿಟಲ್ ಡಬ್ಲ್ಯುಡಿಆರ್’ ಎಂದಷ್ಟೇ ಇದ್ದರೆ ಅದು ಕೆಳದರ್ಜೆಯದು.

ರಾತ್ರಿಯ ಚಿತ್ರಕ್ಕೆ ಬೆಳಕನ್ನು ಗ್ರಹಿಸುವ ಸೆನ್ಸರ್‌ನ ಗಾತ್ರ ಮತ್ತು ಲೆನ್ಸ್‌ನ ಎಫ್ ಸಂಖ್ಯೆ ನಿರ್ಣಾಯಕ. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಒಳಬರುವ ಬೆಳಕು ಹೆಚ್ಚು: ಎಫ್ 1.0 ಲೆನ್ಸ್ ಎಫ್ 2.0 ಲೆನ್ಸ್‌ಗಿಂತ ನಾಲ್ಕು ಪಟ್ಟು ಬೆಳಕನ್ನು ಬಿಡುತ್ತದೆ. ಒಂದೇ ಗಾತ್ರದ ಸೆನ್ಸರ್‌ನಲ್ಲಿ ಮೆಗಾಪಿಕ್ಸೆಲ್ ಹೆಚ್ಚಿಸುತ್ತ ಹೋದರೆ ಪ್ರತಿ ಪಿಕ್ಸೆಲ್‌ಗೆ ಸಿಗುವ ಬೆಳಕು ಇಳಿಯುವುದರಿಂದ, ಹಗಲಲ್ಲಿ ಸೊಗಸಾಗಿ ಕಂಡ ಕ್ಯಾಮೆರಾ ರಾತ್ರಿ ಮಂಕಾಗಬಹುದು. ಗೇಟಿನ ಬಳಿ ಒಂದು ಸಣ್ಣ ಎಲ್‌ಇಡಿ ದೀಪ ಉರಿಯುತ್ತಿದ್ದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಮುಂಗಾರಿನ ಮೊದಲ ಮಳೆಗೆ ಏಳುವ ರೆಕ್ಕೆಯ ಗೆದ್ದಲು ಹುಳುಗಳು, ಲೆನ್ಸ್ ಸುತ್ತ ಬಲೆ ಕಟ್ಟುವ ಜೇಡಗಳು ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕನ್ನು ಪ್ರತಿಫಲಿಸಿ ಇಡೀ ಚಿತ್ರವನ್ನು ಬಿಳುಪಾಗಿಸುತ್ತವೆ. ದೀಪವನ್ನು ಕ್ಯಾಮೆರಾದಿಂದ ಸ್ವಲ್ಪ ದೂರದಲ್ಲಿಟ್ಟು, ತಿಂಗಳಿಗೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ಗಾಜನ್ನು ಒರೆಸಬೇಕು. ಹೊರಗಿನ ಕ್ಯಾಮೆರಾಗಳಿಗೆ ದೂಳು, ನೀರನ್ನು ತಡೆಯುವ ಐಪಿ 66 ಅಥವಾ 67 ದರ್ಜೆ ಇರಲಿ.

ತಂತಿ, ವಿದ್ಯುತ್ತು, ಸಂಗ್ರಹ

ಮನೆ ಇನ್ನೂ ಕಟ್ಟುತ್ತಿದ್ದರೆ ಪ್ಲಾಸ್ಟರಿಂಗ್‌ಗೆ ಮೊದಲೇ ಪೈಪು ಹಾಕಿಸಿ, ಕ್ಯಾಟ್ 6 ಕೇಬಲ್ ಎಳೆಸಿ, ಎನ್‌ವಿಆರ್ (ನೆಟ್‌ವರ್ಕ್ ರೆಕಾರ್ಡರ್) ಇರುವ ಐಪಿ ಕ್ಯಾಮೆರಾಗಳನ್ನು, ಅಂದರೆ ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಕ್ಯಾಮೆರಾಗಳನ್ನು, ಆರಿಸುವುದು ಒಳ್ಳೆಯದು. ಒಂದೇ ಕೇಬಲ್‌ನಲ್ಲಿ ವಿದ್ಯುತ್ತೂ ಚಿತ್ರವೂ ನೂರು ಮೀಟರ್‌ವರೆಗೆ ಹೋಗುತ್ತವೆ. ಹಳೆಯ ಕ್ಯಾಮೆರಾ ಕೇಬಲ್ ಇರುವ ಮನೆಗೆ, ಅದೇ ಕೇಬಲ್‌ನಲ್ಲಿ ಕೆಲಸ ಮಾಡುವ ಡಿವಿಆರ್ ಎಂಬ ರೆಕಾರ್ಡರ್‌ನ ವ್ಯವಸ್ಥೆಯೇ ಮಿತವ್ಯಯದ್ದು. ಗೋಡೆ ಕೊರೆಯಲಾಗದ ಬಾಡಿಗೆ ಮನೆಗೆ ವೈ-ಫೈ ಕ್ಯಾಮೆರಾ ಆದೀತು. ಮಂಡ್ಯ ಕಡೆ ಗದ್ದೆ ಬಯಲಿನ ಪಂಪ್‌ಸೆಟ್ ಮನೆಗಳಿಗೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾಗಳಿವೆ. ಅವುಗಳಲ್ಲಿ ಹೆಚ್ಚಿನವು ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುತ್ತವೆ ಎಂಬುದು ಗಮನದಲ್ಲಿರಲಿ.

ಸೆಸ್ಕ್‌ ವಿದ್ಯುತ್ ನಿಂತಾಗ ಕ್ಯಾಮೆರಾ ನಿಲ್ಲಬಾರದು. ರೆಕಾರ್ಡರ್ ಜೊತೆಗೆ ರೂಟರನ್ನೂ ಇನ್ವರ್ಟರ್ ಲೈನಿಗೆ ಸೇರಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಉಪಕರಣ ಸುಡದಂತೆ ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಹಾಕಿಸಿ.

ಹಾರ್ಡ್ ಡಿಸ್ಕ್ ಗಾತ್ರವನ್ನು ನೀವೇ ಲೆಕ್ಕ ಹಾಕಬಹುದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ ಸುಮಾರು 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯತೊಡಗುತ್ತದೆ. ಬೇಸಿಗೆ ರಜೆಗೆ ಮಕ್ಕಳ ಮನೆಗೆ ಹೋಗಿ ಹದಿನೈದು ದಿನದ ಬಳಿಕ ಮರಳುವವರಿಗೆ ಇದು ಸಾಲದು. 2 ಟಿಬಿ ಕೊಳ್ಳಿ. ರೆಕಾರ್ಡರನ್ನು ಟಿ.ವಿ. ಪಕ್ಕದಲ್ಲಿಡಬೇಡಿ, ಕಳ್ಳರು ಅದನ್ನೂ ಹೊತ್ತೊಯ್ಯಬಹುದು. ಗಾಳಿಯಾಡುವ, ಬೀಗವಿರುವ ಕಪಾಟು ಸೂಕ್ತ.

ಪಾಸ್‌ವರ್ಡ್, ಪರವಾನಗಿ, ಪಕ್ಕದ ಮನೆ

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಕಾರ್ಖಾನೆಯ ಪಾಸ್‌ವರ್ಡ್ ಬದಲಾಗದೆ ಉಳಿದಿದ್ದ ಕಾರಣಕ್ಕೆ. ಅಳವಡಿಸಿದವರು ಹೊರಡುವ ಮೊದಲೇ ನಿಮ್ಮ ಕೈಯಾರೆ ಹೊಸ ಪಾಸ್‌ವರ್ಡ್ ಹಾಕಿ. ಅವರ ಮೊಬೈಲಿನಲ್ಲಿ ನಿಮ್ಮ ಮನೆಯ ದೃಶ್ಯ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಭಾರತದಲ್ಲಿ ಸಿ.ಸಿ. ಕ್ಯಾಮೆರಾಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. 2025ರ ಏಪ್ರಿಲ್‌ನಿಂದ ಸೈಬರ್ ಸುರಕ್ಷತೆಯ ಪರೀಕ್ಷೆಯೂ ಅದಕ್ಕೆ ಸೇರಿದೆ. ಪೆಟ್ಟಿಗೆಯ ಮೇಲಿನ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಕ್ಯಾಮೆರಾ ನೆರೆಮನೆಯ ಕೋಣೆಯನ್ನೋ ಹಿತ್ತಿಲ ಬಚ್ಚಲನ್ನೋ ನೋಡುವಂತಿರಬಾರದು. ತೀರಾ ಖಾಸಗಿ ದೃಶ್ಯಗಳನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ; ಮಹಿಳೆಯರ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮೂ ಅನ್ವಯಿಸುತ್ತದೆ. ಚೌಕಟ್ಟಿನೊಳಗೆ ಪಕ್ಕದ ಕಿಟಕಿ ಬಂದರೆ ‘ಪ್ರೈವಸಿ ಮಾಸ್ಕ್’ ಬಳಸಿ ಆ ಭಾಗವನ್ನು ಮುಚ್ಚಿ. ಮಹಡಿಯಲ್ಲಿ ಬಾಡಿಗೆಯವರಿದ್ದರೆ ಮೆಟ್ಟಿಲವರೆಗೆ ಸಾಕು, ಅವರ ಬಾಗಿಲಿಗೆ ಕ್ಯಾಮೆರಾ ತಿರುಗಿಸುವುದು ಸಲ್ಲದು. ಮನೆಗೆಲಸಕ್ಕೆ ಬರುವವರಿಗೂ ಎಲ್ಲೆಲ್ಲಿ ಕ್ಯಾಮೆರಾ ಇದೆ ಎಂದು ಮೊದಲೇ ತಿಳಿಸಿ.

ಹಣ ಪೂರ್ತಿ ಕೊಡುವ ಮುನ್ನ

ಕೊನೆಯ ಕಂತನ್ನು ರಾತ್ರಿಯ ಪರೀಕ್ಷೆಯ ನಂತರ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ. ಕತ್ತಲಾದ ಮೇಲೆ ಮನೆಯವರೊಬ್ಬರು ಗೇಟು ತೆಗೆದು, ಸಹಜ ನಡಿಗೆಯಲ್ಲಿ ಬಾಗಿಲವರೆಗೆ ಬರಲಿ; ಆಮೇಲೆ ಬೈಕಿನ ದೀಪ ಹಾಕಿಕೊಂಡು ಇನ್ನೊಮ್ಮೆ ಬರಲಿ. ನೋಡಬೇಕಾದದ್ದು ನೇರ ದೃಶ್ಯವನ್ನಲ್ಲ, ಡಿಸ್ಕ್‌ನಲ್ಲಿ ದಾಖಲಾದ ದೃಶ್ಯವನ್ನು. ಅದನ್ನು ನಿಲ್ಲಿಸಿ, ಹಿಗ್ಗಿಸಿ, ಕಣ್ಣು ಮೂಗು ಬಿಡಿಯಾಗಿ ಕಾಣುತ್ತವೆಯೇ ಎಂದು ಪರೀಕ್ಷಿಸಿ. ಅದೇ ಹೊತ್ತಿಗೆ ಪರದೆಯ ಮೇಲಿನ ಗಡಿಯಾರ ಸರಿಯಿದೆಯೇ ಎಂದೂ ನೋಡಿ, ಏಕೆಂದರೆ ಸಮಯ ತಪ್ಪಿದ್ದರೆ ದೃಶ್ಯ ಸಾಕ್ಷ್ಯವಾಗುವಾಗ ತೊಡಕಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಅಂತಹ ದಾಖಲೆಯೊಂದಿಗೆ ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ. ರೆಕಾರ್ಡರ್‌ನಿಂದ ಪೆನ್‌ಡ್ರೈವ್‌ಗೆ ಒಂದು ತುಣುಕನ್ನು ನಕಲು ಮಾಡುವುದನ್ನು ಮನೆಯ ಹಿರಿಯರಿಬ್ಬರಿಗೂ ಅವರೇ ಮಾಡಿ ನೋಡುವಂತೆ ಕಲಿಸಿಕೊಡಲು ಅಳವಡಿಸಿದವರನ್ನು ಕೇಳಿ, ಆ ಕ್ರಮವನ್ನು ಕನ್ನಡದಲ್ಲಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ.