ಮಾರ್ಫಿನ್ ಶುರುವಾದ ದಿನವೇ ಭೇದಿ ಮಾತ್ರೆ

ಹನ್ನೊಂದು ವಾರ ಆಯಿತು, ನಮ್ಮ ಮನೆಯ ಎನಿಮಾ ಡಬ್ಬ ಅಟ್ಟದಿಂದ ಕೆಳಗಿಳಿದಿಲ್ಲ. ಅದಕ್ಕೆ ಮುಂಚಿನ ಎರಡು ತಿಂಗಳಲ್ಲಿ ಐದೋ ಆರೋ ಸಲ ಇಳಿದಿತ್ತು. ಅಮ್ಮನಿಗೆ 68. ಸ್ತನದ ಕ್ಯಾನ್ಸರ್ ಮೂಳೆಗೆ ಹೋಗಿದೆ. ಮೂರು ವಾರಕ್ಕೊಂದು ಕೀಮೋ, ನೋವಿಗೆ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ 10 ಮಿಲಿಗ್ರಾಂ, ರಾತ್ರಿ ಹತ್ತಕ್ಕೆ ಅದರದೇ ಎರಡು ಮಾತ್ರೆ. ಆ ಮಾರ್ಫಿನ್ ತಂದ ಮಲಬದ್ಧತೆಯ ಕತೆ ಇದು, ಬೇರೆ ಪೀಠಿಕೆ ಬೇಡ.

ನಾನು ಮಾಡಿದ್ದು ಒಂದೇ: ಹೊಟ್ಟೆ ಕಟ್ಟುವವರೆಗೆ ಕಾಯುವುದನ್ನು ಬಿಟ್ಟೆ. ಮಾರ್ಫಿನ್ ಇರುವಷ್ಟು ದಿನ ಭೇದಿ ಮಾತ್ರೆಯೂ, ಅಂದರೆ ಮಲ ಹೊರಗೆ ತಳ್ಳಿಸುವ ಮಾತ್ರೆಯೂ, ಇರಬೇಕು, ಮೋಷನ್ ಚೆನ್ನಾಗಿ ಆದ ದಿನವೂ. ಇದಕ್ಕೆ ಬಂದ ವಿರೋಧ ಅಷ್ಟಿಷ್ಟಲ್ಲ. "ದಿನಾ ಭೇದಿ ಮಾತ್ರೆ ಕೊಟ್ರೆ ಕರುಳು ಸೋಮಾರಿ ಬೀಳತ್ತೆ ಕಣೋ" ಅಂತ ಚಿಕ್ಕಮ್ಮ. "ಅಭ್ಯಾಸ ಆಗ್ಬಿಡತ್ತೆ ಸಾರ್, ವಾರಕ್ಕೆರಡು ಸಾಕು" ಅಂತ ಮೆಡಿಕಲ್ ಶಾಪಿನವರು. ಕರುಳನ್ನು ಸೋಮಾರಿ ಮಾಡುತ್ತಿರುವುದೇ ಮಾರ್ಫಿನ್. ಅದರ ವಾಕರಿಕೆ, ತೂಕಡಿಕೆ ವಾರ ಹತ್ತು ದಿನದಲ್ಲಿ ಮೈಗೆ ಒಗ್ಗಿಹೋಗುತ್ತವೆ. ಮಲಬದ್ಧತೆ ಮಾತ್ರ ಎಷ್ಟು ತಿಂಗಳಾದರೂ ಒಗ್ಗುವುದಿಲ್ಲ. ಪ್ಯಾಲಿಯೇಟಿವ್ (ನೋವು, ನರಳಾಟ ತಗ್ಗಿಸುವ) ಡಾಕ್ಟರಿಗೆ ಈ ಲೆಕ್ಕ ಹೇಳಿದಾಗ ಅವರು ನಕ್ಕು, ಮೊದಲ ಚೀಟಿಯಲ್ಲೇ ಇದನ್ನು ಬರೆಯಬೇಕಿತ್ತು ಅಂದರು. ನಮ್ಮ ಮೊದಲ ಚೀಟಿಯಲ್ಲಿ ಇರಲಿಲ್ಲ. ಅದನ್ನು ಬರೆದವರು ಬೇರೆಯವರು, ಬಿಡಿ.

ಮೊದಲು ಕೆಟ್ಟ ಲೆಕ್ಕಗಳು.

ಇಸಬ್‌ಗೋಲ್. ಎಲ್ಲರೂ ಮೊದಲು ಹೇಳುವುದು ಇದನ್ನೇ, ನಾನೂ ಮೊದಲು ಕೊಟ್ಟಿದ್ದು ಇದನ್ನೇ. ಇದು ನೀರು ಹೀರಿ ಉಬ್ಬುತ್ತದೆ, ಉಬ್ಬಿದ್ದನ್ನು ಕರುಳು ಮುಂದಕ್ಕೆ ತಳ್ಳಬೇಕು. ಮಾರ್ಫಿನ್ ತಗೊಂಡ ಕರುಳು ತಳ್ಳುವುದಿಲ್ಲ, ಕೀಮೋ ವಾರದಲ್ಲಿ ಅಮ್ಮ ಕುಡಿಯುವ ನೀರು ಮುಕ್ಕಾಲು ಲೀಟರ್ ದಾಟುವುದಿಲ್ಲ. ಆಮೇಲೆ ಒಳಗೆ ಆಗುವುದು ಗೋಡೆಗೆ ಹಚ್ಚುವ ಗಾರೆ. ನಾಲ್ಕು ದಿನ ರಾತ್ರಿ ಎರಡೆರಡು ಚಮಚ ಕೊಟ್ಟೆ, ಐದನೆಯ ದಿನ ಹೊಟ್ಟೆ ತಮಟೆಯಂತಾಗಿತ್ತು. ಸೊಪ್ಪು, ಹೊಟ್ಟಿನ ರೊಟ್ಟಿ, ಓಟ್ಸ್ ಎಲ್ಲದಕ್ಕೂ ಇದೇ ಮಾತು: ನೀರು ಒಳಗೆ ಹೋಗುತ್ತಿದ್ದರೆ ಸರಿ, ಇಲ್ಲದಿದ್ದರೆ ಶತ್ರು.

ಎರಡನೆಯದು ಲ್ಯಾಕ್ಟುಲೋಸ್ ಸಿರಪ್ ಒಂದನ್ನೇ ನಂಬಿದ್ದು. 15 ಎಂಎಲ್ ಎರಡು ಹೊತ್ತು, ಆಮೇಲೆ 30. ಮಲ ಮೆತ್ತಗಾಯಿತು, ಸುಳ್ಳಲ್ಲ. ಆದರೆ ಮೆತ್ತಗಾದದ್ದು ಅಲ್ಲೇ ಕೂತಿತ್ತು. ಮೇಲೆ ಗ್ಯಾಸು, ಸಿಹಿಗೆ ವಾಕರಿಕೆ. ಮೆತ್ತಗೆ ಮಾಡುವ ಮದ್ದು ಬೇರೆ, ತಳ್ಳುವ ಮದ್ದು ಬೇರೆ. ಈ ಒಂದು ವಾಕ್ಯ ನನ್ನ ತಲೆಗೆ ಹೋಗಲು ಆರು ವಾರ ಮತ್ತು ಸುಮಾರು ಎಂಟು ಸಾವಿರ ರೂಪಾಯಿ ಹಿಡಿಯಿತು.

ಆ ಎಂಟು ಸಾವಿರದ ಕತೆ ಮೂರನೆಯದು, ಎಲ್ಲಕ್ಕಿಂತ ಕೆಟ್ಟದ್ದು. ಆರು ದಿನ ಏನೂ ಇಲ್ಲ. ಏಳನೆಯ ದಿನ ಬೆಳಗ್ಗೆ ನೀರಿನಂಥ ಮೋಷನ್, ಸ್ವಲ್ಪ ಸ್ವಲ್ಪ, ದಿನಕ್ಕೆ ಏಳೆಂಟು ಸಲ, ಸೀರೆಗೂ ಸೋರುತ್ತಿತ್ತು. ಕೀಮೋ ಭೇದಿ ಅಂದುಕೊಂಡು ಲೋಪೆರಮೈಡ್ ಕೊಟ್ಟೆವು. ಅದು ಭೇದಿ ಅಲ್ಲವೇ ಅಲ್ಲ. ಕೆಳಗೆ ಮಲ ಕಲ್ಲಾಗಿ ಕೂತಿರುತ್ತದೆ, ಮೇಲಿನ ನೀರು ಅದರ ಪಕ್ಕದಿಂದ ನುಸುಳಿ ಬರುತ್ತದೆ. ಅದಕ್ಕೆ ಭೇದಿ ನಿಲ್ಲಿಸುವ ಮಾತ್ರೆ ಕೊಡುವುದು ಅಂದರೆ ಮುಚ್ಚಿದ ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿದ ಹಾಗೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ, ಅರ್ಧ ದಿನದ ಹಾಸಿಗೆ, ಕೊನೆಗೆ ಹಿರಿಯ ನರ್ಸ್ ಒಬ್ಬರು ಕೈಗವಸು ಹಾಕಿಕೊಂಡು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ತೆಗೆದರು. ಮೂರ್ನಾಲ್ಕು ದಿನ ಕಟ್ಟಿದ ಮೇಲೆ ದಿಢೀರನೆ ನೀರು ಮೋಷನ್ ಬಂದರೆ ಲೋಪೆರಮೈಡ್ ಮುಟ್ಟಬೇಡಿ, ಮೊದಲು ಪರೀಕ್ಷೆ ಮಾಡಿಸಿ.

ಈಗ ನಡೆಯುತ್ತಿರುವ ಕ್ರಮ ಇದು. ಡಾಕ್ಟರ್ ಒಪ್ಪಿ ಬರೆದುಕೊಟ್ಟ ಪ್ರಮಾಣ ಇವು. ನಿಮ್ಮವರ ಕಿಡ್ನಿ, ಶುಗರ್ ನೋಡಿ ನಿಮ್ಮ ಡಾಕ್ಟರ್ ಬದಲಿಸಬಹುದು.

ರಾತ್ರಿ ಒಂಬತ್ತೂವರೆಗೆ ಬಿಸಾಕೊಡಿಲ್ 5 ಮಿಲಿಗ್ರಾಂನ ಎರಡು ಮಾತ್ರೆ, ಬರೀ ನೀರಿನ ಜೊತೆ. ಇದು ತಳ್ಳುವ ಮದ್ದು. ಸೋನಾಮುಖಿ ಮಾತ್ರೆ, ಸೋಡಿಯಂ ಪಿಕೋಸಲ್ಫೇಟ್ ಇವೂ ಇದೇ ಜಾತಿ, ಯಾವುದಾದರೊಂದು ಸಾಕು. ಆರರಿಂದ ಹನ್ನೆರಡು ಗಂಟೆ ಬೇಕು, ಅಂದರೆ ಬೆಳಗಿನ ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತದೆ. ಹಾಲಿನ ಜೊತೆ ಮಾತ್ರ ಕೊಡಬೇಡಿ. ಮಾತ್ರೆಯ ಮೇಲಿನ ಲೇಪ ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗಬೇಕು. ಹಾಲು, ಗ್ಯಾಸಿನ ಜೆಲ್ ಆ ಲೇಪವನ್ನು ಹೊಟ್ಟೆಯಲ್ಲೇ ಬಿಚ್ಚಿಬಿಡುತ್ತವೆ. ಮೊದಲ ವಾರ ಮಲಗುವ ಹಾಲಿನ ಜೊತೆ ಕೊಟ್ಟು, ನಡುರಾತ್ರಿ ಹೊಟ್ಟೆ ಹಿಂಡಿ ಅಮ್ಮ ಎದ್ದು ಕೂತಿದ್ದರು. ತಪ್ಪು ಮಾತ್ರೆಯದಲ್ಲ, ಲೋಟದ್ದು. ಈಗ ಹಾಲು ಎಂಟಕ್ಕೇ ಮುಗಿಯುತ್ತದೆ. ಮಾತ್ರೆಯನ್ನು ಪುಡಿ ಮಾಡಿ ಕೊಡುವುದೂ ಇದೇ ಕಾರಣಕ್ಕೆ ಕೂಡದು.

ಸಂಜೆ ನಾಲ್ಕಕ್ಕೆ ಪಾಲಿಇಥಿಲೀನ್ ಗ್ಲೈಕಾಲ್ ಪುಡಿ, 17 ಗ್ರಾಂ, ಒಂದು ದೊಡ್ಡ ಲೋಟ ನೀರಿನಲ್ಲಿ. ಇದು ಮೆತ್ತಗೆ ಮಾಡುವ ಮದ್ದು, ಲ್ಯಾಕ್ಟುಲೋಸಿನ ಜಾಗಕ್ಕೆ ಬಂದದ್ದು. ಗ್ಯಾಸು ಕಡಿಮೆ, ರುಚಿ ಇಲ್ಲ. ಕೊಲೊನೋಸ್ಕೋಪಿಗೆ ಮುಂಚೆ ಕೊಡುವ ದೊಡ್ಡ ಪೊಟ್ಟಣವೂ ಇದೇ ಹೆಸರಿನದು, ಅಂಗಡಿಯಲ್ಲಿ ಅದನ್ನು ತೆಗೆದುಕೊಡುವವರಿದ್ದಾರೆ. ಗ್ರಾಂ ಓದಿಯೇ ತನ್ನಿ. ಫಲ ಕಾಣಲು ಎರಡು ಮೂರು ದಿನ ಬೇಕು, ಮರುದಿನವೇ ಕೆಲಸ ಮಾಡಲಿಲ್ಲವೆಂದು ಬಿಡಬೇಡಿ. ನೀರು ಸೇರದ ದಿನ ತಿಳಿಸಾರಿನಲ್ಲಿ ಕರಗಿಸಿದರೂ ನಡೆಯುತ್ತದೆ.

ಬೆಳಗ್ಗೆ ಆರಕ್ಕೆ ಮಾರ್ಫಿನ್, ಒಂದು ಲೋಟ ಬಿಸಿನೀರು. ಆರೂಮುಕ್ಕಾಲಿಗೆ ಗಟ್ಟಿ ಡಿಕಾಕ್ಷನ್ನಿನ ಕಾಫಿ. ಕಾಫಿ ನಿಲ್ಲಿಸಿ ಅಂದವರೇ ಹೆಚ್ಚು. ನಾನು ನಿಲ್ಲಿಸಿ ನೋಡಿದೆ, ನಾಲ್ಕು ದಿನ ಬೆಳಗಿನ ಹೊತ್ತು ದಾಟಿ ಮಧ್ಯಾಹ್ನಕ್ಕೆ ಹೋಯಿತು. ಮತ್ತೆ ಶುರು ಮಾಡಿದೆ. ಏಳೂವರೆಗೆ ತಿಂಡಿ, ಎರಡೇ ಇಡ್ಲಿಯಾದರೂ ಸರಿ. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳು ತಾನಾಗಿ ಒಮ್ಮೆ ಮಿಸುಕುತ್ತದೆ. ತಿಂಡಿಯಾದ ಇಪ್ಪತ್ತು ನಿಮಿಷಕ್ಕೆ ಕಮೋಡಿನ ಮೇಲೆ ಕೂರಿಸಬೇಕು, ಬರಲಿ ಬಾರದಿರಲಿ, ಹತ್ತು ನಿಮಿಷ. ತಿಣುಕಬಾರದು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದಿರುವಾಗ ತಿಣುಕಿದರೆ ರಕ್ತ ಕಾಣುತ್ತದೆ.

ಕಾಲ ಕೆಳಗಿನ ಮಣೆ ಹೊಂದಿಸಲು ನಾನು ಬೇಕಾದ್ದಕ್ಕಿಂತ ಹೆಚ್ಚು ಸಮಯ ಕಳೆದೆ, ಒಪ್ಪಿಕೊಳ್ಳುತ್ತೇನೆ. ಮೂಳೆಗೆ ಹೋದ ಕಾಯಿಲೆಯವರನ್ನು ಕುಕ್ಕರಗಾಲಲ್ಲಿ ಕೂರಿಸುವುದು ಅಪಾಯ. ಕಮೋಡಿನ ಮೇಲೆ ಕಾಲು ಕೆಳಗೆ ಬಿಟ್ಟು ಕೂತರೆ ಮಲ ಬರುವ ದಾರಿ ಮಡಿಚಿಕೊಳ್ಳುತ್ತದೆ. ಮಂಡಿ ಸೊಂಟಕ್ಕಿಂತ ಮೇಲಿರಬೇಕು. ಬಚ್ಚಲ ಮಣೆ ನಾಲ್ಕಿಂಚು, ಸಾಲದು. ಪೇಂಟ್ ಡಬ್ಬ ಹನ್ನೆರಡು, ಅಮ್ಮ ಹಿಂದಕ್ಕೆ ವಾಲಿದರು. ಇಟ್ಟಿಗೆ ಗೋಣಿ ಸುತ್ತಿ ಏಳಿಂಚು ಮಾಡಿದಾಗ ಸರಿಹೋಯಿತು. ಆಮೇಲೆ ಬಡಗಿ ಮುನ್ನೂರೈವತ್ತಕ್ಕೆ ಎಂಟಿಂಚಿನದೊಂದು ಮಾಡಿಕೊಟ್ಟ, ಅಡಿಗೆ ರಬ್ಬರ್ ಹೊಡೆದು. ತೊಡೆಯ ಮೇಲೆ ದಿಂಬಿಟ್ಟು ಮುಂದಕ್ಕೆ ಬಾಗಿ ಮೊಣಕೈ ಊರಬೇಕು. ಇಡೀ ವ್ಯವಸ್ಥೆಯಲ್ಲಿ ದುಡ್ಡಿಗೆ ತಕ್ಕ ಲಾಭ ಕೊಟ್ಟದ್ದು ಈ ಮಣೆ.

ದಿನದ ಲೆಕ್ಕಕ್ಕೊಂದು ಪುಸ್ತಕ ಇಡಿ. ಬ್ರಿಸ್ಟಲ್ ಪಟ್ಟಿಯಲ್ಲಿ ಮಲಕ್ಕೆ ಏಳು ದರ್ಜೆ ಇದೆ, ಅಮ್ಮನ ಬಾಯಲ್ಲಿ ಅದು ನಾಲ್ಕಾಯಿತು: ಆಡಿನ ಹಿಕ್ಕೆ, ಬಾಳೆಹಣ್ಣು, ಅಂಬಲಿ, ನೀರು. "ಇವತ್ತು ಹಿಕ್ಕೆ ಕಣಪ್ಪಾ" ಅಂದರೆ ಸಾಕು, ಡಾಕ್ಟರಿಗೂ ಅರ್ಥವಾಗುತ್ತದೆ. ತಾರೀಕು, ಹೊತ್ತು, ದರ್ಜೆ, ಆ ದಿನದ ಮಾರ್ಫಿನ್ ಮಾತ್ರೆ ಎಷ್ಟು, ಕುಡಿದ ನೀರು ಎಷ್ಟು. ದಿನಾ ಆಗಬೇಕೆಂದಿಲ್ಲ, ಎರಡು ದಿನಕ್ಕೊಮ್ಮೆ ತಿಣುಕದೆ ಬಾಳೆಹಣ್ಣು ಆದರೆ ಗೆದ್ದಂತೆ. ಎರಡು ದಿನ ಖಾಲಿ ಹೋದರೆ ಪುಡಿ ಎರಡು ಹೊತ್ತು. ಮೂರನೆಯ ಬೆಳಗ್ಗೆಯೂ ಖಾಲಿ ಅಂದರೆ ಡಾಕ್ಟರಿಗೆ ಫೋನು. ಸತತ ಎರಡು ದಿನ ಅಂಬಲಿ ಆದರೆ ಮೊದಲು ಪುಡಿ ಬಿಡಿ, ಬಿಸಾಕೊಡಿಲ್ ಮಾತ್ರೆ ಒಂದಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಪೂರ್ತಿ ನಿಲ್ಲಿಸಿದ ಸಲವೆಲ್ಲ ನಾಲ್ಕನೆಯ ದಿನಕ್ಕೆ ಹಿಕ್ಕೆ.

ಪುಸ್ತಕ ನೋಡಿಯೇ ಇನ್ನೊಂದು ಹೊಳೆದದ್ದು. ಖಾಲಿ ದಿನಗಳೆಲ್ಲ ಕೀಮೋ ಆದ ಎರಡರಿಂದ ಐದನೆಯ ದಿನದೊಳಗೇ ಬೀಳುತ್ತಿದ್ದವು. ಕಳ್ಳ ಯಾರೆಂದರೆ ವಾಂತಿ ತಡೆಯುವ ಮಾತ್ರೆ, ಒಂಡಾನ್‌ಸೆಟ್ರಾನ್, ದಿನಕ್ಕೆ ಮೂರು. ವಾಂತಿ ಇಲ್ಲದಿದ್ದರೂ ಚೀಟಿಯಲ್ಲಿದೆ ಅಂತ ಐದು ದಿನ ನುಂಗಿಸುತ್ತಿದ್ದೆವು. ಡಾಕ್ಟರ್ ಅದನ್ನು ಎರಡು ದಿನಕ್ಕೆ ಇಳಿಸಿ, ಆಮೇಲೆ ಬೇಕೆನಿಸಿದರೆ ಮೆಟೊಕ್ಲೋಪ್ರಮೈಡ್ ಅಂದರು. ಅದು ಹೊಟ್ಟೆಯನ್ನು ಮುಂದಕ್ಕೆ ದೂಡುವ ಜಾತಿಯದು. ಜೊತೆಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ನರದ ನೋವಿಗೆ ಕೊಟ್ಟ ಅಮಿಟ್ರಿಪ್ಟಿಲಿನ್ ಇವೂ ಕಟ್ಟುತ್ತವೆ. ಮಾತ್ರೆ ಡಬ್ಬವನ್ನೇ ಡಾಕ್ಟರ ಮೇಜಿನ ಮೇಲೆ ಸುರಿದು ಕೇಳಿ.

ಸಪೋಸಿಟರಿ (ಗುದದ್ವಾರದೊಳಗೆ ಇಡುವ ಮದ್ದು) ನಮ್ಮಲ್ಲಿ ಮೂರನೆಯ ದಿನದ ಆಯುಧ, ಆದರೆ ಬ್ಲಡ್ ಕೌಂಟ್ ನೋಡದೆ ಮುಟ್ಟುವುದಿಲ್ಲ. ಕೀಮೋ ಆದ ಏಳರಿಂದ ಹದಿನಾಲ್ಕು ದಿನದ ನಡುವೆ ಬಿಳಿರಕ್ತಕಣ ತಳ ಮುಟ್ಟಿರುತ್ತವೆ. ಆಗ ಗುದದ್ವಾರದಲ್ಲಿ ಒಂದು ಗೀರು ಬಿದ್ದರೂ ಸೋಂಕು ನೇರ ರಕ್ತಕ್ಕೆ. ಎನಿಮಾ, ಬೆರಳು, ಥರ್ಮಾಮೀಟರ್ ಯಾವುದೂ ಕೂಡದು. ಈಗ ಯೋಚಿಸಿದರೆ ಆ ಐದಾರು ಎನಿಮಾದಲ್ಲಿ ಎರಡಾದರೂ ಇಂಥ ದಿನವೇ ಕೊಟ್ಟಿದ್ದೆ, ಬಚಾವಾದದ್ದು ಅದೃಷ್ಟ. ಕೌಂಟ್ ಸರಿಯಿದ್ದು ಡಾಕ್ಟರ್ ಹೂಂ ಅಂದರೆ ಎಡ ಮಗ್ಗುಲಿಗೆ ಮಲಗಿಸಿ, ಮಂಡಿ ಮಡಚಿಸಿ, ಜೆಲ್ ಸವರಿ ಒಳಗೆ. ಬಿಸಾಕೊಡಿಲ್‌ನದು ಕರುಳಿನ ಗೋಡೆಗೆ ತಾಗಬೇಕು, ಮಲದೊಳಗೆ ಚುಚ್ಚಿದರೆ ದಂಡ. ಗ್ಲಿಸರಿನ್‌ನದು ಮಲದಲ್ಲಿ ಸಿಕ್ಕಿಕೊಂಡರೂ ಜಾರಿಸುತ್ತದೆ. ಅರ್ಧ ಗಂಟೆ ಕಾಯಿರಿ. ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿಡಿ, ನಮ್ಮದು ಒಮ್ಮೆ ಕಾಗದದಲ್ಲೇ ಕರಗಿಹೋಗಿತ್ತು.

ಎಲ್ಲವೂ ಸರಿಯಿದ್ದೂ ಕೆಲಸ ಮಾಡದ ವಾರ ಒಂದು ಬಂತು. ಹಿಕ್ಕೆಯೂ ಇಲ್ಲ. ಅಮ್ಮನಿಗೆ ವಿಪರೀತ ದಾಹ, ಸಂಜೆ ಹೊತ್ತಿಗೆ ಮಾತು ತಪ್ಪುತ್ತಿತ್ತು. ನಾನು ಮಾರ್ಫಿನ್ನಿನ ಮೇಲೆ ಹಾಕಿದೆ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ 13ರ ಹತ್ತಿರ, ಇರಬೇಕಾದ್ದು ಹತ್ತೂವರೆಯ ಒಳಗೆ. ಮೂಳೆಯಿಂದ ಕ್ಯಾಲ್ಸಿಯಂ ಸೋರಿ ರಕ್ತಕ್ಕೆ ಬಂದರೆ ಕರುಳು ಮಲಗಿಬಿಡುತ್ತದೆ. ಸಲೈನ್, ಆ ಸೋರಿಕೆ ತಡೆಯುವ ಝೋಲೆಡ್ರೋನಿಕ್ ಆಮ್ಲದ ಡ್ರಿಪ್, ಮೂರ್ನಾಲ್ಕು ದಿನದಲ್ಲಿ ಹಳೆಯ ಮಾತ್ರೆಗಳೇ ಕೆಲಸ ಮಾಡತೊಡಗಿದವು. ಕ್ಯಾನ್ಸರ್ ಮೂಳೆಗೆ ಹೋದವರ ಮನೆಯವರು ಇದನ್ನು ಗೋಡೆಗೆ ಬರೆದಿಡಿ. ಕಾಲು ಸೋತು, ಮೂತ್ರ ಕಟ್ಟಿ, ಜೊತೆಗೆ ಮಲವೂ ನಿಂತರೆ ಬೆನ್ನುಹುರಿಯ ವಿಷಯ, ಅದೇ ಗಂಟೆ ಆಸ್ಪತ್ರೆ. ವಾಂತಿ, ಬಿಗಿದ ಹೊಟ್ಟೆ, ಬಂದು ಬಂದು ಹಿಂಡುವ ನೋವು, ಗಾಳಿಯೂ ಹೋಗುತ್ತಿಲ್ಲ ಅಂದರೆ ಕರುಳಿನ ದಾರಿಯೇ ಮುಚ್ಚಿಹೋಗಿರಬಹುದು. ಭೇದಿ ಮಾತ್ರೆ ಆಗ ವಿಷ.

ಉಳಿದ ಪ್ರಯೋಗಗಳು ಚುಟುಕಾಗಿ. ಹರಳೆಣ್ಣೆ ಅರ್ಧ ಚಮಚ: ನಾಲ್ಕು ಸಲ ಓಡಿ ಸುಸ್ತಾಗಿ ಮಲಗಿದರು, ಮತ್ತೆ ಕೊಟ್ಟಿಲ್ಲ. ಹೊಕ್ಕುಳಿಗೆ ಹರಳೆಣ್ಣೆ: ಅಮ್ಮನಿಗೆ ಹಿತ, ಪುಸ್ತಕದಲ್ಲಿ ವ್ಯತ್ಯಾಸವಿಲ್ಲ. ಕಪ್ಪು ಒಣದ್ರಾಕ್ಷಿ ಹದಿನೈದು ಇಪ್ಪತ್ತು, ಮೂರು ನೀರಲ್ಲಿ ತೊಳೆದು ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ ರಸದ ಸಮೇತ: ನಿಜಕ್ಕೂ ಉಪಯೋಗ. ಪಪ್ಪಾಯಿ ಮನೆಯಲ್ಲೇ ಕತ್ತರಿಸಿದ್ದು ಮಾತ್ರ, ಗಾಡಿಯದು ಬೇಡ. ಹೊಟ್ಟೆ ನೀವುವುದಾದರೆ ಬಲಗಡೆ ಕೆಳಗಿಂದ ಮೇಲಕ್ಕೆ, ಅಡ್ಡಲಾಗಿ, ಎಡಗಡೆ ಕೆಳಕ್ಕೆ. ಹೊಟ್ಟೆಯಲ್ಲಿ ಗಡ್ಡೆ ಇರುವವರಿಗೆ ಬೇಡ.

ಖರ್ಚು ನೆನಪಿನಿಂದ ಹೇಳುತ್ತೇನೆ. ಬಿಸಾಕೊಡಿಲ್ ತಿಂಗಳಿಗೆ ನೂರು ದಾಟಲ್ಲ. ಪುಡಿಯೇ ದುಬಾರಿ, ಪೊಟ್ಟಣಕ್ಕೆ ಇಪ್ಪತ್ತೈದರ ಆಚೀಚೆ, ತಿಂಗಳಿಗೆ ಏಳೆಂಟು ನೂರು. ಮಾರ್ಫಿನ್ ಬದಲು ಚರ್ಮಕ್ಕೆ ಅಂಟಿಸುವ ನೋವಿನ ಮದ್ದು, ಫೆಂಟನಿಲ್ ಪ್ಯಾಚ್, ಹಾಕಿದರೆ ಕಟ್ಟುವುದು ಕಡಿಮೆ ಅಂತ ಡಾಕ್ಟರೇ ಹೇಳಿದರು, ಆದರೆ ಮೂರು ದಿನಕ್ಕೊಂದು ಬದಲಿಸಬೇಕು, ಮಾರ್ಫಿನ್ನಿನ ಬೆಲೆಯ ಎಷ್ಟೋ ಪಟ್ಟು. ಸದ್ಯಕ್ಕೆ ಬೇಡವೆಂದೆವು.

ಬರುವ ಸೋಮವಾರದಿಂದ ಮಾರ್ಫಿನ್ 15ಕ್ಕೆ ಏರುತ್ತದೆ. ಬಿಸಾಕೊಡಿಲ್ ಮೂರಕ್ಕೆ ಏರಿಸಲು ಭಾನುವಾರ ರಾತ್ರಿಗೇ ಅನುಮತಿ ಕೇಳಿಟ್ಟಿದ್ದೇನೆ. ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ.