ಬ್ರೇಕ್ ಹೋಯ್ತಾ? ಮೊದಲು ಪೆಡಲ್ ಏನು ಹೇಳುತ್ತೆ ಕೇಳಿ

"ಬ್ರೇಕ್ ಹಿಡೀತಿಲ್ಲ" ಎಂದರೆ ಮೆಕ್ಯಾನಿಕ್‌ಗೆ ಏನೂ ಗೊತ್ತಾಗುವುದಿಲ್ಲ. "ಮೆಲ್ಲಗೆ ಒತ್ತಿ ಹಿಡಿದರೆ ಪೆಡಲ್ ಕೆಳಗಿಳಿಯುತ್ತದೆ, ಆದರೆ ಬ್ರೇಕ್ ಆಯಿಲ್ ಕಡಿಮೆಯಾಗಿಲ್ಲ" ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಹಳೇ ಕಾರಿನಲ್ಲಿ ಬ್ರೇಕ್ ಏಕಾಏಕಿ ಕೈಕೊಡುವುದಕ್ಕೆ ನಾಲ್ಕೈದು ಕಾರಣಗಳಿವೆ. ಒಂದೊಂದಕ್ಕೂ ಪೆಡಲ್ ಒಂದೊಂದು ಥರ ವರ್ತಿಸುತ್ತದೆ.

ಓಡುತ್ತಿರುವಾಗಲೇ ಹೀಗಾದರೆ ಪೆಡಲ್ ಅನ್ನು ಬೇಗ ಬೇಗ ಪಂಪ್ ಮಾಡಿ, ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಕೀ ಮಾತ್ರ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆದೀತು. ನಿಂತ ಮೇಲೆ "ಒಂದು ಸಲ ಓಡಿಸಿ ನೋಡೋಣ" ಎನ್ನುವ ಆಸೆ ಬೇಡ. ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು ಬಾನೆಟ್ ಎತ್ತಿ.

ಆಯಿಲ್ ಎಲ್ಲಿಗೆ ಹೋಯಿತು?

ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಮೇಲಿನ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ದಿಢೀರನೆ ಇಳಿದಿದ್ದರೆ ಲೀಕ್ ಇದೆ ಎಂದೇ ಅರ್ಥ. ಸುಮ್ನೆ ಆಯಿಲ್ ತುಂಬಿಸಿಕೊಂಡು ಹೊರಡುವುದು ರಿಪೇರಿ ಅಲ್ಲ.

ಕಾರಿನಡಿ ರಟ್ಟು ಹಾಸಿ, ಯಾರಿಗಾದರೂ ಪೆಡಲ್ ಒತ್ತಲು ಹೇಳಿ, ಟಾರ್ಚ್ ಹಿಡಿದು ಬಗ್ಗಿ ನೋಡಿ. ನಾಲ್ಕೂ ಚಕ್ರಗಳ ಒಳಬದಿ, ರಬ್ಬರ್ ಹೋಸ್‌ಗಳು, ಸ್ಟೀಲ್ ಪೈಪಿನ ಕ್ಲಾಂಪ್ ಜಾಗಗಳು ಮುಖ್ಯ. ಪೈಪ್ ತುಕ್ಕು ಹಿಡಿದು ತೂತಾಗುವುದು ಹೆಚ್ಚಾಗಿ ಕ್ಲಾಂಪಿನ ಕೆಳಗೇ. ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಇದ್ದರೆ ಡ್ರಮ್ ಬಿಚ್ಚಿ, ಶೂಗಳನ್ನು (ಡ್ರಮ್ಮಿಗೆ ಒತ್ತಿ ಹಿಡಿಯುವ ಪಟ್ಟಿಗಳನ್ನು) ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಯ ಅಂಚನ್ನು ಎತ್ತಿ. ಒಳಗೆ ಆಯಿಲ್ ತುಂಬಿಕೊಂಡಿದ್ದರೆ ಕಳ್ಳ ಸಿಕ್ಕ. ಬ್ರೇಕ್ ಆಯಿಲ್ ತೆಳ್ಳಗೆ, ಜಾರುಜಾರಾಗಿರುತ್ತದೆ. ಬಣ್ಣದ ಮೇಲೆ ಬಿದ್ದರೆ ಪೇಂಟ್ ಕಿತ್ತುಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ನನ್ನ ಹಳೇ ಕಾರಿನಲ್ಲಿ ಡಬ್ಬಿ ಖಾಲಿಯಾಗುತ್ತಿತ್ತು, ನೆಲದ ಮೇಲೆ ಮಾತ್ರ ಒಂದು ಹನಿ ಇಲ್ಲ. ಎರಡು ದಿನ ಕಾರಿನಡಿ ಮಲಗಿದ್ದೇ ಬಂತು. ಕೊನೆಗೆ ಮಾಸ್ಟರ್ ಸಿಲಿಂಡರಿನ ಎರಡು ನಟ್ ಬಿಚ್ಚಿ ಅದನ್ನು ಒಂದಿಂಚು ಮುಂದಕ್ಕೆ ಎಳೆದೆ. ಅದರ ಹಿಂದಿರುವ ಬೂಸ್ಟರ್ (ಎಂಜಿನ್ನಿನ ವ್ಯಾಕ್ಯೂಮ್‌ನಿಂದ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಭಾಗ) ಬಾಯಿಗೆ ಬೆರಳು ಹಾಕಿದರೆ ಉಗುರಿನವರೆಗೂ ಒದ್ದೆ. ಹಿಂದಿನ ಸೀಲ್ ಹೋಗಿ ಆಯಿಲ್ ಎಲ್ಲಾ ಬೂಸ್ಟರ್ ಹೊಟ್ಟೆ ಸೇರಿತ್ತು. ಅಲ್ಲಿಂದ ಎಂಜಿನ್ ಅದನ್ನು ಎಳೆದುಕೊಂಡು ಸುಟ್ಟರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಕಾಣಬಹುದು.

ಇನ್ನೊಂದು ಮಾತು. 1960ರ ದಶಕದ ಕೊನೆಯಿಂದೀಚೆಗೆ ಬಂದ ಹೆಚ್ಚಿನ ಕಾರುಗಳಲ್ಲಿ ಬ್ರೇಕಿಗೆ ಎರಡು ಲೈನ್ ಇರುತ್ತವೆ. ಒಂದು ಒಡೆದರೂ ಪೆಡಲ್ ಆಳಕ್ಕೆ ಹೋಗಿ ಇನ್ನೊಂದು ಅಷ್ಟಿಷ್ಟು ಹಿಡಿಯುತ್ತದೆ. ಅದಕ್ಕೂ ಹಿಂದಿನ ಒಂದೇ ಲೈನಿನ ಕಾರಾದರೆ ಎಲ್ಲಿ ಒಡೆದರೂ ಪೂರ್ತಿ ಹೋದಂತೆ.

ಆಯಿಲ್ ಸರಿಯಾಗಿದ್ದರೆ

ಪೆಡಲ್ ಮೇಲೆ ಕಾಲಿಟ್ಟು ಹಗುರವಾಗಿ, ಒಂದೇ ಸಮನೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗೆ ಜಾರುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಕಪ್ ಸವೆದಿದೆ. ಜೋರಾಗಿ ತುಳಿದರೆ ಈ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ, ಒತ್ತಡಕ್ಕೆ ಕಪ್ಪಿನ ಅಂಚು ಅಗಲವಾಗಿ ಗೋಡೆಗೆ ಅಂಟಿಕೊಳ್ಳುತ್ತದಲ್ವಾ, ಅದಕ್ಕೇ ಹಗುರವಾಗಿ ಒತ್ತಬೇಕು.

ಸ್ಪಂಜಿನ ಹಾಗೆ ಮೆತ್ತಗಿದ್ದು, ಪಂಪ್ ಮಾಡಿದರೆ ಮೇಲೆ ಬರುತ್ತಿದ್ದರೆ ಲೈನಿನಲ್ಲಿ ಗಾಳಿ ಇದೆ. ಪಂಪ್ ಮಾಡಿದಾಗ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಗಾಳಿಯಲ್ಲ, ಡ್ರಮ್‌ನಲ್ಲಿ ಶೂ ಅಂತರ ಜಾಸ್ತಿಯಾಗಿದೆ. ಅಡ್ಜಸ್ಟ್ ಮಾಡಿದರೆ ಸಾಕು. ಅದು ಗೊತ್ತಾಗದೆ ಏರ್ ತೆಗೆಯುತ್ತಾ (ಪೆಡಲ್ ಒತ್ತಿ ಲೈನಿನ ಗಾಳಿ ಹೊರಹಾಕುತ್ತಾ) ಕೂತವರು ಬಹಳ ಜನ.

ಪೆಡಲ್ ಕಲ್ಲಿನಂತೆ ಗಟ್ಟಿ, ಕಾರು ನಿಲ್ಲುತ್ತಿಲ್ಲ. ಹಾಗಾದರೆ ಬೂಸ್ಟರ್ ಮೇಲೆ ಅನುಮಾನ. ಎಂಜಿನ್ ಆಫ್ ಮಾಡಿ ಐದಾರು ಸಲ ತುಳಿದು, ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಒಂಚೂರು ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಮೊದಲು ವ್ಯಾಕ್ಯೂಮ್ ಹೋಸ್ ಮತ್ತು ಅದರ ವಾಲ್ವ್ ನೋಡಿ. ಹೊಸ ಬೂಸ್ಟರ್ ಕೊಳ್ಳುವ ಯೋಚನೆ ಆಮೇಲೆ.

ಎಲ್ಲಕ್ಕಿಂತ ಮೋಸದ್ದು ಉದ್ದನೆಯ ಇಳಿಜಾರಿನಲ್ಲಿ ಕೈಕೊಟ್ಟು, ತಣ್ಣಗಾದ ಮೇಲೆ ತಾನೇ ಸರಿಹೋಗುವ ಬ್ರೇಕ್. ಆಗ ಪರೀಕ್ಷೆ ಮಾಡಿದರೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿದಾಗ ಅದಕ್ಕಿರುವ ಮಿತಿ ಬರೀ 155 ಡಿಗ್ರಿ. ಕುದಿದರೆ ಆವಿಯ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ನೆಲಕ್ಕೆ. ಆಯಿಲ್ ಕಪ್ಪಗಾಗಿದ್ದರೆ, ಇಲ್ಲವೇ ಎಷ್ಟು ವರ್ಷವಾಯಿತೆಂದು ನೆನಪಿಲ್ಲದಿದ್ದರೆ, ಪೂರ್ತಿ ಬದಲಾಯಿಸಿ.

ಏರ್ ತೆಗೆಯುವಾಗ

ಹಳೇ ಕಾರಿನ ಪೆಡಲ್ ಅನ್ನು ನೆಲ ಮುಟ್ಟುವವರೆಗೆ ಒತ್ತಬೇಡಿ. ಪಿಸ್ಟನ್ ದಿನಾ ಓಡಾಡದ ಆ ಕೊನೆಯ ಜಾಗದಲ್ಲಿ ತುಕ್ಕು ಕೂತಿರುತ್ತದೆ, ಅದು ಒಳ್ಳೇ ಕಪ್ಪನ್ನೂ ಹರಿದುಹಾಕುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಬ್ರೇಕ್ ಹೋದ ಹೊತ್ತಿನಲ್ಲಿ ಪೆಡಲ್ ಆಗಲೇ ನೆಲ ಮುಟ್ಟಿದ್ದರೆ, ಲೀಕ್ ಸರಿಮಾಡಿದ ಮೇಲೂ ಒಂದು ನಿಮಿಷದ ಪರೀಕ್ಷೆಯನ್ನು ಮತ್ತೆ ಮಾಡಿ. ಆಯಿಲ್ ಯಾವ ಡಾಟ್ ಎಂದು ಮುಚ್ಚಳದ ಮೇಲೆ ಬರೆದಿರುತ್ತದೆ, ಅದನ್ನೇ ಹಾಕಿ. ಎಂಜಿನ್ ಆಯಿಲ್ ಅಪ್ಪಿತಪ್ಪಿ ಸೇರಿದರೂ ರಬ್ಬರುಗಳೆಲ್ಲ ಊದಿಕೊಳ್ಳುತ್ತವೆ, ಒಂದೂ ಬಿಡದೆ ಬದಲಾಯಿಸಬೇಕಾಗುತ್ತದೆ.

ಮೊದಲ ಓಟ ಖಾಲಿ ಜಾಗದಲ್ಲಿ, ನಡಿಗೆಯ ವೇಗದಲ್ಲಿ, ಕೈ ಹ್ಯಾಂಡ್ ಬ್ರೇಕ್ ಮೇಲೆ ಇಟ್ಟುಕೊಂಡೇ. ನಾಲ್ಕೈದು ಸಲ ನಿಲ್ಲಿಸಿ ನೋಡಿ, ಬಂದು ಡಬ್ಬಿಯ ಮಟ್ಟ ನೋಡಿ, ನಾಲ್ಕೂ ಚಕ್ರದ ಒಳಬದಿಗೆ ಇನ್ನೊಂದು ಸಲ ಟಾರ್ಚ್ ಹಾಕಿ.