‘ಬ್ಲ್ಯಾಕ್‌ಮೇಲ್’ ಚಿತ್ರವನ್ನು ರಂಗತಂಡದವರಿಗೆ ತೋರಿಸುವ ಬಗೆ

ನಾಟಕವೊಂದು ಸಿನಿಮಾ ಆಗುವಾಗ ಅದರಲ್ಲಿ ಏನು ಉಳಿಯುತ್ತದೆ, ಏನು ಬದಲಾಗುತ್ತದೆ ಎಂಬುದನ್ನು ಕಲಿಯಬಯಸುವ ಬಳ್ಳಾರಿಯ ಹವ್ಯಾಸಿ ಕಲಾವಿದರು 1929ರ ‘ಬ್ಲ್ಯಾಕ್‌ಮೇಲ್’ ಚಿತ್ರದಿಂದ ಆರಂಭಿಸುವುದು ಒಳ್ಳೆಯದು. ಚಾರ್ಲ್ಸ್ ಬೆನೆಟ್ ಅವರ ನಾಟಕವನ್ನು ಆಧರಿಸಿ ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ ಈ ಬ್ರಿಟಿಷ್ ಅಪರಾಧ ಚಿತ್ರ ಮೂಕಿಯಾಗಿ ಆರಂಭವಾಗಿ, ನಿರ್ಮಾಣದ ನಡುವೆಯೇ ಟಾಕಿಯಾಯಿತು. ಎರಡೂ ಆವೃತ್ತಿಗಳು ಉಳಿದುಬಂದಿರುವುದರಿಂದ ಎರಡನ್ನೂ ಹೊಂದಿಸಿಕೊಳ್ಳಿ.

ಪ್ರದರ್ಶನಕ್ಕೆ ಮೊದಲು ಕಥೆಯನ್ನು ಇಷ್ಟೇ ಹೇಳಿ: ತನ್ನ ಮೇಲೆ ಬಲಾತ್ಕಾರಕ್ಕೆ ಮುಂದಾದ ಚಿತ್ರಕಾರನನ್ನು ಆಲಿಸ್ ಎಂಬ ಯುವತಿ ಬ್ರೆಡ್ ಕೊಯ್ಯುವ ಚಾಕುವಿನಿಂದ ಇರಿಯುತ್ತಾಳೆ, ತನಿಖೆಗೆ ಬರುವ ಪತ್ತೇದಾರ ಅವಳನ್ನು ಪ್ರೀತಿಸುವವನೇ, ಅವಳ ಕೈಗವಸು ಸಿಕ್ಕಿದ ಇನ್ನೊಬ್ಬ ಬೆದರಿಸಿ ಲಾಭ ಪಡೆಯಲು ಬರುತ್ತಾನೆ. ಅಂತ್ಯವನ್ನು ಬಿಟ್ಟುಕೊಡಬೇಡಿ.

ನಿಜವಾದ ಪಾಠವಿರುವುದು ಕೊಲೆಯ ಮರುದಿನದ ಬೆಳಗಿನ ಉಪಾಹಾರದ ದೃಶ್ಯದಲ್ಲಿ. ನೆರೆಯ ಹೆಂಗಸು ಕೊಲೆಯ ಬಗ್ಗೆ ಒಂದೇ ಸಮನೆ ಮಾತಾಡುತ್ತಿರುವಾಗ ಆಲಿಸಳ ಕಿವಿಗೆ ಉಳಿದ ಮಾತೆಲ್ಲ ಬರೀ ಗುನುಗಾಗಿ, ‘ನೈಫ್’ ಎಂಬ ಪದ ಮಾತ್ರ ಸ್ಪಷ್ಟವಾಗಿ ಬಂದು ಬಡಿಯುತ್ತದೆ. ಬ್ರೆಡ್ ಕೊಯ್ಯಲು ಕೈಗೆತ್ತಿಕೊಂಡ ಚಾಕು ಕೊನೆಗೆ ಚಿಮ್ಮಿ ಬೀಳುತ್ತದೆ. ಇಲ್ಲಿ ಸಬ್‌ಟೈಟಲ್‌ಗಳನ್ನು ತಪ್ಪದೆ ತೆಗೆದುಬಿಡಿ, ಏಕೆಂದರೆ ಆಲಿಸಳಿಗೆ ಕೇಳಿಸದ ಮಾತನ್ನೂ ಅಕ್ಷರಗಳು ಪ್ರೇಕ್ಷಕರಿಗೆ ಓದಿಸಿ, ದೃಶ್ಯದ ಜೀವವನ್ನೇ ತೆಗೆಯುತ್ತವೆ. ಟಿ.ವಿ.ಯ ಸ್ವಂತ ಸ್ಪೀಕರ್ ಸಾಲದು, ಬೇರೆ ಸ್ಪೀಕರ್ ಜೋಡಿಸಿ. ನಂತರ ಮೂಕಿ ಆವೃತ್ತಿಯಲ್ಲಿ ಇದೇ ಸಂದರ್ಭವನ್ನು ತೋರಿಸಿ, ಶಬ್ದವಿಲ್ಲದೆ ಅಪರಾಧಪ್ರಜ್ಞೆ ಯಾವ ದಾರಿಯಲ್ಲಿ ವ್ಯಕ್ತವಾಗಿದೆ ಎಂದು ಚರ್ಚಿಸಿ.

ಆಲಿಸಳ ದನಿಯ ಬಗ್ಗೆಯೂ ಗಮನ ಸೆಳೆಯಬೇಕು. ನಟಿ ಆನಿ ಓಂದ್ರಾ ಅವರ ಇಂಗ್ಲಿಷಿನಲ್ಲಿ ಚೆಕ್ ಭಾಷೆಯ ಛಾಯೆಯಿತ್ತು, ಆಗ ನಂತರ ದನಿ ಸೇರಿಸುವ ವ್ಯವಸ್ಥೆಯೂ ಇರಲಿಲ್ಲ; ಆದ್ದರಿಂದ ನಮ್ಮ ತೊಗಲುಬೊಂಬೆಯಾಟದಲ್ಲಿ ಪರದೆಯ ಹಿಂದಿನವರು ಬೊಂಬೆಗೆ ಮಾತು ಕೊಡುವಂತೆ, ಇನ್ನೊಬ್ಬ ನಟಿ ಜೋನ್ ಬ್ಯಾರಿ ಕ್ಯಾಮೆರಾದ ಆಚೆ ನಿಂತು ಮಾತಾಡುತ್ತಿದ್ದರೆ ಓಂದ್ರಾ ತುಟಿಯಾಡಿಸಿದರು. ಅಷ್ಟಾದರೂ ಅವರ ಮುಖದ ತಳಮಳ ಅಚ್ಚಳಿಯದೆ ಉಳಿಯುತ್ತದೆ, ಅದು ದೊಡ್ಡ ಅಭಿನಯವೆಂದೇ ನನ್ನ ಅಭಿಪ್ರಾಯ.

ಚಿತ್ರದಲ್ಲಿ ಮುಂದೆ ಬರುವ ಬ್ರಿಟಿಷ್ ಮ್ಯೂಸಿಯಂನ ಬೆನ್ನಟ್ಟುವಿಕೆಯ ದೃಶ್ಯದಲ್ಲಿ ಕನ್ನಡಿ ಮತ್ತು ಛಾಯಾಚಿತ್ರಗಳ ತಂತ್ರ ಬಳಕೆಯಾಗಿದೆ ಎಂದಷ್ಟೇ ತಿಳಿಸಿದರೆ ಸಾಕು.

ಕೊನೆಯಲ್ಲಿ ಉಪಾಹಾರದ ದೃಶ್ಯವನ್ನು ತಂಡದವರಿಂದಲೇ ಬಳ್ಳಾರಿಯ ಮಾತಿನಲ್ಲಿ ಆಡಿಸಿ. ಹೆಸರಾಂತ ರಂಗನಟ ಬಳ್ಳಾರಿ ರಾಘವರ ಊರಿನ ನಟರಿಗೆ ದನಿಯ ಏರಿಳಿತ ಹೊಸದಲ್ಲ. ಮೈಕಿನ ನೆರವಿಲ್ಲದೆ, ಮಾತಾಡುವವಳು ಉಳಿದುದನ್ನೆಲ್ಲ ತಗ್ಗಿಸಿ ‘ಚಾಕು’ ಎಂಬುದನ್ನಷ್ಟೇ ಎತ್ತಿ ಹೇಳಬೇಕು, ಕೇಳುವವಳು ಆ ಪದ ಬಂದಾಗಲೆಲ್ಲ ತಟ್ಟೆಯಿಂದ ಕಣ್ಣೆತ್ತದೆ ಕೈಬೆರಳುಗಳಲ್ಲಿ ಮಾತ್ರ ಪ್ರತಿಕ್ರಿಯಿಸಬೇಕು.